ನಿಲ್ಲೋದು ಬರಲ್ಲ, ಬರೋದು ನಿಲ್ಲಲ್ಲ

ಪಕ್ಷಿ ನೋಡುವ ಹವ್ಯಾಸಕ್ಕೆ ಖರ್ಚೇ ಇಲ್ಲ, ಎರಡು ಕಣ್ಣಿದ್ದರೆ ಸಾಕು ಎನ್ನುವವರು ಕಣ್ಣಿನ ಲೆಕ್ಕ ಮಾತ್ರ ಇಟ್ಟಿರುತ್ತಾರೆ, ಕಾಲಿನ ಲೆಕ್ಕ ಬಿಟ್ಟಿರುತ್ತಾರೆ. ಕಣ್ಣು ಎರಡು ಸಾಕು, ನಿಜ. ಕಾಲು ಐದು ಬೇಕು. ನಿಮ್ಮವು ಎರಡು, ಸ್ಕೋಪಿನವು ಮೂರು. ಆ ಮೂರು ಕಾಲಿನ ಸಂಪಾದನೆಗಾಗಿ ಕೊಳ್ಳೇಗಾಲದ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಮನೆಯಲ್ಲಿ ಅಳಿದುಳಿದಿದ್ದ ಮರ್ಯಾದೆಯನ್ನು ಪಣಕ್ಕಿಟ್ಟ ಕಥೆ ಇದು. ಮೇಷ್ಟ್ರು ನಾನೇ.

ಸ್ಪಾಟಿಂಗ್ ಸ್ಕೋಪು ಬಂದದ್ದು ಬೆಂಗಳೂರಿನ ಅಳಿಯಂದಿರ ಉಡುಗೊರೆಯಾಗಿ. ಮುಂದಿನ ಗಾಜು 80 ಮಿಲಿಮೀಟರ್, ಹಿಗ್ಗಿಸುವುದು 20ರಿಂದ 60 ಪಟ್ಟು. ಅಲ್ಲಿಯವರೆಗೆ ನನ್ನ ಕೊರಳಲ್ಲಿ ತೂಗುತ್ತಿದ್ದದ್ದು 8 ಪಟ್ಟಿನ ಬೈನಾಕ್ಯುಲರ್. ಅದರ ದೃಷ್ಟಿ ಎಲ್ಲಿಗೆ ಮುಗಿಯುತ್ತದೆ ಎಂಬುದು ನಮ್ಮ ಕಡೆಯ ಕೆರೆಗಳಿಗೆ ಬರುವ ಬಾತುಗಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಚಳಿಗಾಲಕ್ಕೆ ಉತ್ತರದಿಂದ ಇಳಿಯುವ ಬಿಳಿಹುಬ್ಬಿನ ಬಾತು, ಹುಬ್ಬು ಕಾಣುವ ಜಾಗದಿಂದ ಸರಿಯಾಗಿ ನಾಲ್ಕು ಮಾರು ಆಚೆಗೆ ಹೋಗಿ ಕೂರುತ್ತಿತ್ತು. ದಡದ ನಾಮಕೋಳಿ, ಗುಳುಮುಳುಕಗಳೇ ನನ್ನ ಪಾಲು.

ಸ್ಕೋಪು ಬಂದ ದಿನವೇ ಇನ್ನೊಂದು ಸತ್ಯವೂ ಬಂತು. 60 ಪಟ್ಟು ಹಿಗ್ಗಿಸುವ ಗಾಜು ಹಕ್ಕಿಯನ್ನು ಹಿಗ್ಗಿಸಿ ಸುಮ್ಮನಾಗುವುದಿಲ್ಲ, ಹಿಡಿದವನ ಕೈನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಉಸಿರು ಎಳೆದರೆ ಬಾತು ಆಕಾಶದಲ್ಲಿ, ಬಿಟ್ಟರೆ ಕೆಸರಿನಲ್ಲಿ. ಕೆರೆಯ ಏರಿಯ ಮೇಲೆ ನಾನು ಪಡುತ್ತಿದ್ದ ಪಾಡನ್ನು ನೋಡಿದ ನಮ್ಮ ಮನೆಯವಳು ಕೇಳಿದ್ದು ಒಂದೇ ಮಾತು: “ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿದ್ರೋ ಇಲ್ವೋ?”

ಕಾಸು ಬಿಚ್ಚುವ ಮುಂಚೆ ಪುಕ್ಕಟೆ ಆಧಾರಗಳನ್ನೆಲ್ಲ ಒಂದು ಕೈ ನೋಡುವುದು ಮೇಷ್ಟ್ರ ಜಾಯಮಾನ. ಮೊದಲನೆಯದು ನಮ್ಮ ಕಾಂಪೌಂಡ್ ಗೋಡೆ. ಭೂಕಂಪಕ್ಕೂ ಅಲ್ಲಾಡದ ಆಧಾರ, ಒಪ್ಪಿದೆ. ಆದರೆ ಅದರ ಎದುರಿಗಿರುವುದು ಕೆರೆಯಲ್ಲ, ಪಕ್ಕದ ಮನೆಯ ತಾರಸಿ. ಅಲ್ಲಿಗೆ ಬಟ್ಟೆ ಒಣಹಾಕಲು ಬರುವವರು ವಲಸೆ ಹಕ್ಕಿಗಳೂ ಅಲ್ಲ. ಗೋಡೆಯ ಪ್ರಯೋಗ ಸಂಜೆಯೊಳಗೆ ಮನೆಯವಳ ಆದೇಶದ ಮೇರೆಗೆ ಮುಕ್ತಾಯವಾಯಿತು.

ಎರಡನೆಯದು ಕಾಳಿನ ಚೀಲ. ಹೊರದೇಶದ ಪಕ್ಷಿಪ್ರಿಯರು ಕಾರಿನ ಕಿಟಕಿಯ ಮೇಲೆ ಕಾಳು ತುಂಬಿದ ಚೀಲ ಹಾಸಿ, ಅದರ ಮೇಲೆ ಸ್ಕೋಪು ಇಟ್ಟು ನೋಡುತ್ತಾರೆ. ವಿದ್ಯೆ ಸುಳ್ಳಲ್ಲ. ಕಾಳು ಜರುಗಿ ಸ್ಕೋಪಿನ ಹೊಟ್ಟೆಗೆ ಸರಿಯಾಗಿ ಹಳ್ಳ ಬೀಳುತ್ತದೆ, ನಡುಕವನ್ನು ನುಂಗುತ್ತದೆ. ಅಡುಗೆಮನೆಯ ಡಬ್ಬದಿಂದ ಹುರುಳಿ ಎತ್ತಿ, ಹಳೆಯ ದಿಂಬಿನ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಅಳಿಯಂದಿರ ಕಾರಿನಲ್ಲಿ ಕುಂತೂರು ಕೆರೆಗೆ ಹೋಗಿ ನೋಡಿದೆ. ಸೊಗಸಾಗಿತ್ತು. ಮಾರನೆಯ ರಾತ್ರಿ ಊಟಕ್ಕೆ ಕೂತು, “ನನ್ನ ಚೀಲ ಎಲ್ಲೇ ಕಾಣ್ತಿಲ್ಲ?” ಅಂದೆ. “ತಟ್ಟೇಲೇ ಅದಲ್ಲ, ಮುದ್ದೆ ಪಕ್ಕ” ಅಂದಳು. ಬಸ್ಸಾರು ರುಚಿಯಾಗಿತ್ತು ಎಂಬುದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಮೂರನೆಯದು ಹನೂರು ತಾಲ್ಲೂಕಿನದು. ಲೊಕ್ಕನಹಳ್ಳಿ ಕಡೆಗೆ ಕಾಡಂಚಿನ ಹೊಲಗಳಲ್ಲಿ ಆನೆ, ಹಂದಿ ಕಾಯಲು ರೈತರು ಅಟ್ಟಣೆ ಕಟ್ಟಿಕೊಂಡಿರುತ್ತಾರೆ. ಅದರ ಅಡ್ಡಗಳುವಿನ ಮೇಲೆ ಸ್ಕೋಪು ಆನಿಸಿ, ದೂರದ ಒಣಮರದ ತುದಿಯಲ್ಲಿದ್ದ ಗಿಡುಗವನ್ನು ಹಿಡಿದೆ. ಅಷ್ಟರಲ್ಲಿ ಹೊಲದ ಯಜಮಾನ ಮೇಲೆ ಬಂದ. “ಮೇಷ್ಟ್ರೆ, ಇದ್ರಲ್ಲಿ ಆನೆ ಕಂಡದಾ?” ಕಾಣುತ್ತದೆ ಎಂದು ಬಿಟ್ಟುಕೊಟ್ಟೆ. ಅವನು ಕಣ್ಣಿಟ್ಟು ಅತ್ತಿತ್ತ ತಿರುಗಿಸಿ, “ಅಯ್ಯೋ, ನಮ್ ಜೋಳಕ್ಕೆ ಯಾರ್ದೋ ಹಸ ನುಗ್ಗದೆ ಕನಾ!” ಎಂದು ಕೂಗಿ ಒಂದೇ ನೆಗೆತಕ್ಕೆ ಕೆಳಗೆ ಹಾರಿದ. ಅಟ್ಟಣೆ ತೂಗುಯ್ಯಾಲೆಯಾಯಿತು. ನಾನು ಸ್ಕೋಪನ್ನು ಎದೆಗವಚಿಕೊಂಡು ಕಂಬ ಹಿಡಿದು ನಿಂತೆ. ಗಿಡುಗ ಮಾತ್ರ ಅಲ್ಲಾಡದೆ ನೋಡುತ್ತಿತ್ತು.

ನಾಲ್ಕು ಕಾಲಿನ ಅಟ್ಟಣೆ ಯಾಕೆ ಕುಲುಕಿತು ಎಂಬ ಸಮಸ್ಯೆಯನ್ನು ರಾತ್ರಿ ಮನೆಯಲ್ಲಿ ಮಂಡಿಸಿದೆ. ಉತ್ತರ ಕೊಟ್ಟದ್ದು ಅವ್ವ. “ಮೂರು ಗುಂಡು ಮಡಗಿ ಒಲೆ ಹೂಡಿದ್ರೆ ಮಡಕೆ ಅಲ್ಲಾಡಾಕಿಲ್ಲ ಕನಪ್ಪ, ನೆಲ ಹೆಂಗಾದ್ರೂ ಇರ್ಲಿ. ನಾಕನೇದು ಮಡಗು, ಅದರಾಗೆ ಒಂದು ಭಾರ ಹೊರದೆ ಸುಮ್ಕೆ ಕೂತಿರ್ತದೆ.” ಇದನ್ನು ಹೇಳುವಾಗ ಅವ್ವ ನನ್ನತ್ತ ಯಾಕೆ ನೋಡಿದಳೋ ತಿಳಿಯದು. ಮನೆಯಲ್ಲಿ ಆಗ ಮಗಳೂ ಸೇರಿ ನಾಲ್ಕು ಜನ ಇದ್ದೆವು. ಮೂರು ಬಿಂದುಗಳ ಮೂಲಕ ಒಂದು ಸಮತಲ ಯಾವಾಗಲೂ ಹಾಯುತ್ತದೆ, ನಾಲ್ಕನೆಯದು ಅದರ ಮೇಲೆಯೇ ಬೀಳಬೇಕೆಂಬ ನಿಯಮವಿಲ್ಲ ಎಂಬುದನ್ನು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದವನು ನಾನು. ಒಲೆಯ ಮುಂದೆ ಕೂತು ಕಲಿತವಳು ಅವ್ವ.

ಹಾಗಾಗಿ ಟ್ರೈಪಾಡು ಕೊಳ್ಳಲು ಸಂಸಾರ ಸಮೇತ ಮೈಸೂರಿಗೆ ಹೊರಟೆವು. ಅಂಗಡಿಯ ಹುಡುಗ ಮೊದಲು ಕೇಳಿದ್ದು ನನ್ನ ಎತ್ತರವನ್ನು. ನಮ್ಮದು ಕಣ್ಣಿಡುವ ಭಾಗ 45 ಡಿಗ್ರಿ ಮೇಲಕ್ಕೆ ಬಾಗಿದ ಸ್ಕೋಪು, ಬಗ್ಗಿ ನೋಡುವಂಥದ್ದು. ಇದರಲ್ಲಿ ಒಂದು ಅನುಕೂಲ: ಕಾಲುಗಳನ್ನು ಮನೆಯ ಕುಳ್ಳರಿಗೆ ಹೊಂದಿಸಿ ನಿಲ್ಲಿಸಿದರೆ ಉದ್ದದವರು ಬಗ್ಗಿದರಾಯಿತು. ಟ್ರೈಪಾಡು ಅಷ್ಟೆತ್ತರ ಬೇಕಾಗುವುದಿಲ್ಲ, ತಗ್ಗಾದಷ್ಟೂ ಗಟ್ಟಿ. ಅಳತೆ ಅವ್ವನದೆಂದು ತೀರ್ಮಾನವಾಯಿತು. ಮನೆಯಲ್ಲಿ ತಲೆಬಾಗುವುದು ನನಗೆ ಹೊಸದೇನಲ್ಲ.

ಮೊದಲು ತೋರಿಸಿದ್ದು ನಾಲ್ಕು ಮಡಿಕೆಯ ಹಗುರ ಕಾಲು. ಮಡಿಸಿದರೆ ಕೈಚೀಲಕ್ಕೆ ಇಳಿಯುತ್ತದೆ, ಬಿಡಿಸಿದರೆ ಕೊನೆಯ ತುಂಡು ಬೆರಳಿನ ಗಾತ್ರ. ಮಡಿಕೆ ಹೆಚ್ಚಿದಷ್ಟು ಬುಡ ಸಣ್ಣ, ಬುಡ ಸಣ್ಣಗಾದಷ್ಟು ಬಳುಕು. ನಡುವಿನ ಕಂಬವನ್ನು ಮೇಲೆತ್ತಿದರಂತೂ ಮೂರು ಕಾಲಿನ ಪುಣ್ಯವೆಲ್ಲ ಒಂಟಿಕಾಲಿಗೆ ಕರಗುತ್ತದೆ. ಸ್ಕೋಪು ಕೂರಿಸಿ, ಎದುರು ರಸ್ತೆಯ ಬೋರ್ಡಿಗೆ 60 ಪಟ್ಟಿನಲ್ಲಿ ಗುರಿಯಿಟ್ಟು, ಕಾಲಿಗೆ ಬೆರಳಿನಿಂದ ಒಂದು ಸಲ ತಟ್ಟಿದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ: ಅಕ್ಷರಗಳು ಎಷ್ಟು ಬೇಗ ನಿಲ್ಲುತ್ತವೆಯೋ ಟ್ರೈಪಾಡು ಅಷ್ಟು ಒಳ್ಳೆಯದು. ಅಂಗಡಿಯ ಹುಡುಗ ಇನ್ನೊಬ್ಬ ಗಿರಾಕಿಯನ್ನು ಮಾತಾಡಿಸಿ ಬಂದರೂ ಬೋರ್ಡು ಕುಣಿಯುತ್ತಲೇ ಇತ್ತು.

ಆಮೇಲೆ ಬಂದದ್ದು ಅಲ್ಯೂಮಿನಿಯಮ್ಮಿನ ಮೂರು ಮಡಿಕೆಯ ದಪ್ಪ ಕಾಲು. ತಟ್ಟಿದರೆ ಕ್ಷಣದಲ್ಲಿ ಶಾಂತ. ಸ್ಕೋಪು ಕೂರುವ ತಲೆಯ ಆಯ್ಕೆಯಲ್ಲೂ ಪಾಠವಾಯಿತು. ಗುಂಡಿನ ತಲೆ ಫೋಟೊದವರಿಗೆ ಸರಿ. ತಿರುಪು ಸಡಿಲಿಸಿದೊಡನೆ ಉದ್ದಮೂತಿಯ ಸ್ಕೋಪು ಮುಗ್ಗರಿಸುತ್ತದೆ. ನಮಗೆ ಬೇಕಾದ್ದು ಉದ್ದ ಹಿಡಿಯ, ಒಳಗೆ ಜಿಡ್ಡು ತುಂಬಿದ ಫ್ಲೂಯಿಡ್ ತಲೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ನಿಧಾನವಾಗಿ ಜಾರುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ತಲೆ ಸೇರಿ ಹತ್ತಿರ ಹತ್ತಿರ ನಾಲ್ಕು ಕೆ.ಜಿ. ನಮ್ಮ ಮನೆಯವಳು ಒಂದು ಕೈಯಲ್ಲಿ ಎತ್ತಿ ಇಳಿಸಿ, ಇಡೀ ಶಾಸ್ತ್ರವನ್ನು ಅಲ್ಲೇ ಮುಗಿಸಿದಳು: “ನಿಲ್ಲೋದು ಬರಲ್ಲ, ಬರೋದು ನಿಲ್ಲಲ್ಲ.” ಹುಡುಗ ಬಿಲ್ಲು ಹರಿಯುತ್ತ ತಲೆದೂಗಿದ. ದಪ್ಪದ್ದನ್ನೇ ತಂದೆವು.

ಹಕ್ಕಿಗಿಂತ ಮೊದಲು ಅದರ ಉಪಯೋಗ ಕಂಡುಕೊಂಡದ್ದು ಮನೆಯವರು. ಮಗಳ ಜೊತೆ ವಿಡಿಯೊ ಕಾಲಿಗೆ ಫೋನು ನಿಲ್ಲಿಸಲು ಹಿಡಿಕೆ ತರಿಸಿ ತಲೆಗೆ ಸಿಕ್ಕಿಸಿದರು. ಸೊಳ್ಳೆಪರದೆಯ ಒಂದು ಮೂಲೆಗೆ ಕಂಬವಾಯಿತು. ಅವ್ವನ ಒದ್ದೆ ಸೀರೆ ಅದರ ಮೇಲೆ ಒಣಗಿತು. ನಾನು ಕೆರೆಗೆ ಹೊರಡುವಾಗೆಲ್ಲ ಅದು ಯಾವುದಾದರೂ ಕೆಲಸದಲ್ಲಿರುತ್ತಿತ್ತು.

ಒಂದು ಭಾನುವಾರ ಹೇಗೋ ಬಿಡಿಸಿಕೊಂಡು ಬಸ್ಸಿನಲ್ಲಿ ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದೆವು. 1939-40ರ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯಲ್ಲಿ ಸಲೀಂ ಅಲಿಯವರು ಓಡಾಡಿದ ಬೆಟ್ಟ ಇದು. 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ದೇವಸ್ಥಾನ ಇರುವುದು ಬಂಡೆಯ ಅಂಚಿನಲ್ಲಿ. ಕಣಿವೆಯ ಗಾಳಿ ನೇರ ಮುಖಕ್ಕೆ. ಕೆಳಗೆ ಮರಗಳ ನೆತ್ತಿ ಸವರಿಕೊಂಡು ಕಪ್ಪು ಹದ್ದೊಂದು ತೇಲುತ್ತಿತ್ತು. ಫ್ಲೂಯಿಡ್ ತಲೆಯ ಹಿಡಿಯನ್ನು ಮೆಲ್ಲಗೆ ತಿರುಗಿಸುತ್ತ ಹಿಂಬಾಲಿಸಿದೆ. ಗಾಳಿಗೆ ಕಾಲು ಕೊಂಚ ಕಂಪಿಸಿತು. ನಡುಕಂಬದ ಕೆಳಗಿನ ಕೊಕ್ಕೆಗೆ ಭಾರ ತೂಗಿಸಬೇಕೆಂಬ ಸೂತ್ರ ನೆನಪಾಗಿ, ಹಣ್ಣುಕಾಯಿಯ ಬ್ಯಾಗನ್ನೇ ತೂಗಿಸಿದೆ. ಚಿತ್ರ ಕಲ್ಲಿನಲ್ಲಿ ಕೆತ್ತಿದಷ್ಟು ಸ್ಥಿರ. ರೆಕ್ಕೆಯ ತುದಿಯ ಗರಿಗಳು ಬೆರಳು ಬಿಡಿಸಿಕೊಂಡಿದ್ದವು, ಹಳದಿ ಕಾಲು ಹೊಟ್ಟೆಗೆ ಅಂಟಿತ್ತು, ತಲೆ ಬಗ್ಗಿಸಿ ಗೂಡು ಹುಡುಕುತ್ತಿತ್ತು. ಇದ್ದಕ್ಕಿದ್ದಂತೆ ಹದ್ದು ನಡುಗತೊಡಗಿತು. ಕಣ್ಣು ತೆಗೆದು ನೋಡಿದರೆ ಕೋತಿಯೊಂದು ನನ್ನ ಸ್ಥಿರತೆಯನ್ನು ಬಗಲಲ್ಲಿಟ್ಟುಕೊಂಡು ಗೋಪುರ ಹತ್ತುತ್ತಿತ್ತು. ಬಾಳೆಹಣ್ಣು ಅದಕ್ಕೆ, ಖಾಲಿ ಬ್ಯಾಗು ನಮಗೆ.

ಇಳಿಯುವಾಗ ನಾಲ್ಕು ಕೆ.ಜಿ. ಹೆಗಲಿನಿಂದ ಹೆಗಲಿಗೆ ದಾಟುತ್ತಿದ್ದುದನ್ನು ನೋಡಿ ಮನೆಯವಳಿಗೆ ಕರುಣೆ ಬಂತು. “ಇದು ಮನೇಲಿರ್ಲಿ, ನಂಗೂ ಅತ್ತೆಮ್ಮಂಗೂ ಬೇಕಾಯ್ತದೆ. ನೀವೊಂದು ಹಗುರದ್ದು ತಗಬುಡಿ. ಹಗುರ ಅಂದ್ರೆ ರೇಟೂ ಕಮ್ಮಿ ತಾನೇ?” ಇಲ್ಲಿ ಲೆಕ್ಕ ತಿರುಗುಮುರುಗು ಎಂದು ವಿವರಿಸಬೇಕಾಯಿತು. ಹಗುರವಾಗಿದ್ದೂ ನಿಲ್ಲುವಂಥದ್ದು ಕಾರ್ಬನ್ ಫೈಬರಿನದು. ಇಂಗಾಲದ ಸಣ್ಣ ಎಳೆಗಳನ್ನು ಹಾಸುಹೊಕ್ಕಾಗಿ ಕೂಡಿಸಿ, ಅಂಟಿನಲ್ಲಿ ಅದ್ದಿ, ಪದರ ಪದರವಾಗಿ ಸುತ್ತಿ ಕೊಳವೆ ಮಾಡುತ್ತಾರೆ. ತೂಕ ಇಳಿದಷ್ಟೂ ಬೆಲೆ ಏರುತ್ತದೆ.

ದೇವಾಂಗಪೇಟೆಯ ಮಗ್ಗದ ಮನೆಯಲ್ಲಿ ಹುಟ್ಟಿದವಳಿಗೆ ಇಷ್ಟು ಸಾಕಾಯಿತು. ಕಣ್ಣರಳಿಸಿ, “ಹಂಗನ್ನಿ ಮತ್ತೆ. ಎಳೆ ಸಣ್ಣ, ತೂಕ ಕಮ್ಮಿ, ರೇಟು ಜಾಸ್ತಿ. ಅದ್ನೇ ನಮ್ಮಪ್ಪ ರೇಷ್ಮೆ ಅಂತಿದ್ರು” ಎಂದಳು. ಯಳಂದೂರು ಬರುವವರೆಗೆ ಮಾತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಬಾಯಿ ಬಿಟ್ಟಳು: “ನಂಗೂ ಹಗುರದ್ದು ಒಂದ್ ಸೀರೆ ತಗಬುಡನ.”

ಎರಡೂ ವಸ್ತು ಈಗ ಮನೆಯಲ್ಲಿವೆ. ಕೂಡಿಸಿ ತೂಗಿದರೂ ಎರಡೂವರೆ ಕೆ.ಜಿ. ದಾಟುವುದಿಲ್ಲ. ಬಿಲ್ಲನ್ನು ಮಾತ್ರ ನನ್ನಿಂದ ಎತ್ತಲಾಗುತ್ತಿಲ್ಲ.