ಅಷ್ಟಪದಿ ಪುರಾಣ

ಅರಸೀಕೆರೆ ಜಂಕ್ಷನ್ನಿನಲ್ಲಿ ಕಾಯುವುದಕ್ಕೆ ನನ್ನದೇ ಒಂದು ಕ್ರಮವಿದೆ. ಹಾಸನದ ರೈಲು ತಡವಾದರೆ ಕಡಲೆಕಾಯಿ, ಹುಬ್ಬಳ್ಳಿ ಕಡೆಯದು ತಡವಾದರೆ ಕಾಫಿ, ಎರಡೂ ತಡವಾದರೆ ವೇದಾಂತ. ಆ ದಿನ ಕಡಲೆಕಾಯಿಯ ಸರದಿ. ತಿಂದು ಮುಗಿಸಿದ ಮೇಲೆ ಪೊಟ್ಟಣದ ಕಾಗದ ಓದುವುದು ನನ್ನ ಹಳೆಯ ಚಾಳಿ. ಹೀಗೆ ಓದಿದ ಧಾರಾವಾಹಿಗಳಲ್ಲಿ ಒಂದರ ಕೊನೆಯೂ ನನಗೆ ಗೊತ್ತಿಲ್ಲ.

ಆವತ್ತು ಸಿಕ್ಕಿದ್ದು ಒಂದು ವ್ಯಂಗ್ಯಚಿತ್ರದ ಕೆಳಗಿನ ಅರ್ಧ. ಹಾವಿನ ಹಾಗೆ ಬಳುಕುವ ಕೈಗಳು, ಕೈಯುದ್ದಕ್ಕೂ ಬಟ್ಟಲು ಬಟ್ಟಲಾದ ಗುರುತು. ಒಂದು ಕೈ ‘ಮರಳು’ ಹಿಡಿದಿತ್ತು, ಇನ್ನೊಂದು ‘ಜಮೀನು’, ಮತ್ತೊಂದು ‘ವರ್ಗಾವಣೆ’, ಮಗದೊಂದು ‘ಟೆಂಡರ್’. ತಲೆ ಇರಬೇಕಾದ ಜಾಗದಲ್ಲಿ ಕಾಗದ ಹರಿದಿತ್ತು. ಅದು ಯಾರ ತಲೆ, ಯಾವ ಪಕ್ಷದ ತಲೆ, ತಿಳಿಯುವ ದಾರಿಯಿರಲಿಲ್ಲ.

ಪಕ್ಕದಲ್ಲಿ ಕೊಬ್ಬರಿ ಚೀಲದ ಮೇಲೆ ಕೂತಿದ್ದವರು ಬಗ್ಗಿ ನೋಡಿದರು. “ಏನ್ ಸ್ವಾಮಿ ಅದು, ಜೇಡವಾ?”

“ಅಲ್ಲ, ಆಕ್ಟೋಪಸ್ಸು. ಸಮುದ್ರದ್ದು.”

“ಸಮುದ್ರದ್ದು ಇಲ್ಲಿಗ್ಯಾಕೆ ಬಂತು?” ಎಂದು ಕೇಳಿ ಅವರು ಬೀಡಿ ಹಚ್ಚಲು ಎದ್ದು ಹೋದರು. ನಾನು ಆ ಪ್ರಶ್ನೆಯ ಜೊತೆ ಉಳಿದೆ. ಅರಸೀಕೆರೆಗೂ ಸಮುದ್ರಕ್ಕೂ ಇರುವ ನಂಟೆಂದರೆ ತೆಂಗಿನಮರ ಒಂದೇ. ಮಲ್ಪೆಯ ಬಂದರಿನಲ್ಲಿ ಇದರ ದಾಯಾದಿ ಬೊಂಡಾಸ್ ಬುಟ್ಟಿಗಟ್ಟಲೆ ಬಂದು ಬೀಳುತ್ತದೆ. ಅಲ್ಲಿಯವರಿಗೆ ಅದನ್ನು ಕಂಡರೆ ಭಯವಾಗುವುದಿಲ್ಲ, ಹಸಿವಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಅಷ್ಟಪದಿ ಎಂದು ಹೆಸರಿಟ್ಟವರು ಪಾಪ, ಒಳ್ಳೆಯ ಮನಸ್ಸಿನವರೇ ಇರಬೇಕು. ಆದರೆ ಸಂಗೀತ ಕಲಿತ ನಮ್ಮ ಚಿಕ್ಕಮ್ಮನ ಮುಂದೆ ‘ರಾಜಕೀಯದ ಅಷ್ಟಪದಿ’ ಎಂದರೆ, ಅಷ್ಟಪದಿಗಳನ್ನು ಬರೆದ ಜಯದೇವನಿಗೆ ಈ ಗತಿ ಯಾಕೆ ಬಂತು ಎಂದು ನೊಂದುಕೊಳ್ಳುತ್ತಾರೆ.

ಈ ಪ್ರಾಣಿಯನ್ನು ನೀರಿನಿಂದ ಎತ್ತಿ ರಾಜಕೀಯಕ್ಕೆ ತಂದವರಲ್ಲಿ ಹೆಸರಾದವನು ಫ್ರೆಡ್ ರೋಸ್ ಎಂಬ ಬ್ರಿಟನ್ನಿನವನು. 1877ರಲ್ಲಿ ಅವನು ಬರೆದ ಯುರೋಪಿನ ಹಾಸ್ಯ ಭೂಪಟದಲ್ಲಿ ರಷ್ಯಾ ಒಂದು ದೊಡ್ಡ ಆಕ್ಟೋಪಸ್. ಅದರ ಕೈಗಳು ಟರ್ಕಿ, ಪರ್ಷಿಯಾಗಳ ಕಡೆ ಚಾಚಿವೆ. ಐದೇ ವರ್ಷದಲ್ಲಿ ಅಮೆರಿಕದವರು ಲೆಕ್ಕ ಚುಕ್ತಾ ಮಾಡಿದರು: ಅವರ 1882ರ ಚಿತ್ರದಲ್ಲಿ ಆಕ್ಟೋಪಸ್ಸಿಗೆ ಇಂಗ್ಲೆಂಡಿನ ಪ್ರತೀಕವಾದ ಜಾನ್ ಬುಲ್‌ನ ತಲೆ, ಈಜಿಪ್ಟಿನ ಮೇಲೆ ಅದರ ಕಣ್ಣು. 1904ರಲ್ಲಿ ಜಪಾನಿನ ವಿದ್ಯಾರ್ಥಿಯೊಬ್ಬ ರೋಸ್‌ನ ಉಪಾಯವನ್ನೇ ತೆಗೆದುಕೊಂಡು, ರಷ್ಯಾದ ಕೈಗಳನ್ನು ಏಷ್ಯಾದ ಕಡೆಗೂ ಉದ್ದ ಮಾಡಿದ. ಅದೇ ವರ್ಷ ಅಮೆರಿಕದ ‘ಪಕ್’ ಪತ್ರಿಕೆಯಲ್ಲಿ ಉಡೋ ಕೆಪ್ಲರ್ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕಿಗೆ ಕೈ ಮೂಡಿಸಿ, ಒಂದು ಕೈಯನ್ನು ಶ್ವೇತಭವನದ ಹತ್ತಿರಕ್ಕೆ ಕಳಿಸಿದ. 1911ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಕಂಪನಿಯನ್ನು ತುಂಡು ತುಂಡು ಮಾಡಿಸಿತು. ಅದರಲ್ಲಿ ಚಿತ್ರದ ಪಾಲೆಷ್ಟು, ವಕೀಲರ ಪಾಲೆಷ್ಟು, ಅದು ಬೇರೆ ಮಾತು.

ರೈಲನ್ನೂ ಬಿಟ್ಟಿಲ್ಲ. 1882ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ‘ದಿ ವಾಸ್ಪ್’ ಪತ್ರಿಕೆಯಲ್ಲಿ ಕೆಲ್ಲರ್ ಎಂಬುವನು ಸದರ್ನ್ ಪೆಸಿಫಿಕ್ ರೈಲ್ವೆಯನ್ನು ಆಕ್ಟೋಪಸ್ ಮಾಡಿ, ಅದರ ಕಣ್ಣುಗಳೊಳಗೆ ಮಾಲೀಕರ ಮುಖ ಕೂರಿಸಿದ. ಗೋಧಿ ಬೆಳೆಗಾರರಿಗೂ ರೈಲ್ವೆಗೂ ನಡೆದ ಜಗಳದ ಮೇಲೆ ಫ್ರಾಂಕ್ ನಾರಿಸ್ 1901ರಲ್ಲಿ ಬರೆದ ಕಾದಂಬರಿಗೆ ‘ದಿ ಆಕ್ಟೋಪಸ್’ ಎಂದೇ ಹೆಸರು. ಇದನ್ನು ನೆನೆದು ಅರಸೀಕೆರೆಯ ಹಳಿಗಳನ್ನು ನೋಡಿದೆ. ಒಂದು ಕೈ ತಿಪಟೂರಿನ ಕಡೆ, ಒಂದು ಬೀರೂರಿನ ಕಡೆ, ಒಂದು ಹಾಸನದ ಕಡೆ. ಮೂರೇ ಕೈಯ ಈ ಬಡ ಆಕ್ಟೋಪಸ್ ಯಾರ ಕುತ್ತಿಗೆಯನ್ನೂ ಹಿಸುಕುವ ಹಾಗಿರಲಿಲ್ಲ. ಹಾಸನದ ಕೈ ಇನ್ನೂ ಒಂದೂವರೆ ಗಂಟೆ ತಡ ಎಂದು ಮೈಕಿನಲ್ಲಿ ಹೇಳಿದರು. ನಾನು ಕಾಗದ ಮಡಿಸಿ ಜೇಬಿಗಿಟ್ಟು, ಜಾವಗಲ್ ಮೇಲೆ ಹೋಗುವ ಹಳೇಬೀಡಿನ ಬಸ್ಸು ಹತ್ತಿದೆ.

ಹೊಯ್ಸಳೇಶ್ವರನ ಗುಡಿಯ ಸುತ್ತ ಹಿಂದೆ ಹತ್ತಾರು ಸಲ ಸುತ್ತಿದ್ದೇನೆ. ಆದರೆ ಜೇಬಿನಲ್ಲಿ ಆಕ್ಟೋಪಸ್ ಇಟ್ಟುಕೊಂಡು ಸುತ್ತಿದ್ದು ಅದೇ ಮೊದಲು. ನೋಡಿದಲ್ಲೆಲ್ಲ ಕೈ! ಗಜಾಸುರನ ಚರ್ಮ ಸುಲಿದು ಕುಣಿಯುವ ಶಿವನಿಗೆ ಬೀಸಣಿಗೆ ಬಿಚ್ಚಿದ ಹಾಗೆ ಕೈಗಳು. ಗಣಪನೂ ಕುಣಿಯುತ್ತಿದ್ದಾನೆ, ಅವನಿಗೂ ಎರಡು ಕೈ ಸಾಲದು. ಕೈಲಾಸ ಎತ್ತುವ ರಾವಣನ ತೋಳುಗಳಂತೂ ಎಣಿಸುತ್ತಾ ಹೋದರೆ ಮಧ್ಯದಲ್ಲೆಲ್ಲೋ ಲೆಕ್ಕ ತಪ್ಪುತ್ತದೆ. ಇಷ್ಟೊಂದು ಕೈ ಕಂಡು ಒಬ್ಬರೂ ಹೆದರಿದ್ದನ್ನು ನಾನು ಕಾಣೆ. ಶಾಲೆಯ ಮಕ್ಕಳು ಎದುರಿಗೇ ನಿಂತು ಚಕ್ಕುಲಿ ಮುರಿಯುತ್ತಿದ್ದರು. ನಮ್ಮಲ್ಲಿ ಕೈ ಹೆಚ್ಚಾದರೆ ದೇವರು. ಒಂದು ಕೈ ಅಭಯಕ್ಕೆ, ಒಂದು ವರಕ್ಕೆ, ಉಳಿದವು ಆಯುಧಕ್ಕೆ. ರಾವಣ ಖಳನಾದದ್ದೂ ಕೈ ಇಪ್ಪತ್ತಾಯಿತೆಂದಲ್ಲ, ಅವುಗಳಲ್ಲಿ ಒಂದನ್ನು ಚಾಚಬಾರದ ಕಡೆ ಚಾಚಿದನೆಂದು.

ಗೈಡ್ ಹುಡುಗ ಮಕರದ ಸಾಲಿನ ಮುಂದೆ ನಿಂತು ಬಾಯಿಪಾಠ ಒಪ್ಪಿಸುತ್ತಿದ್ದ: ಆನೆಯ ಸೊಂಡಿಲು, ಮೊಸಳೆಯ ಬಾಯಿ, ಮಂಗನ ಕಣ್ಣು, ಹಂದಿಯ ಮೈ, ಸಿಂಹದ ಕಾಲು, ಹಸುವಿನ ಕಿವಿ, ನವಿಲ ಬಾಲ. “ಇದೇ ಸಾರ್ ನಮ್ಮ ಸಮುದ್ರದ ಪ್ರಾಣಿ” ಎಂದ. ಸಮ್ಮಿಶ್ರ ಸರ್ಕಾರ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂತು, ತಡೆದುಕೊಂಡೆ.

ಅಲ್ಲಿಂದ ಬೇಲೂರಿಗೆ 16 ಕಿಲೋಮೀಟರು. ಚೆನ್ನಕೇಶವನ ಬಾಗಿಲ ಇಕ್ಕೆಲದಲ್ಲೂ ಸಳ ಮೃಗವನ್ನು ಇರಿಯುತ್ತಲೇ ಇದ್ದಾನೆ. ಸುದತ್ತ ಮುನಿ “ಹೊಯ್ ಸಳ” ಎಂದದ್ದು, ಅವನು ಹೊಡೆದದ್ದು, ವಂಶಕ್ಕೆ ಹೆಸರು ಬಂದದ್ದು ಎಲ್ಲರೂ ಬಲ್ಲ ಕಥೆ. ಕಥೆಯಲ್ಲಿ ಹುಲಿ, ಕಲ್ಲಿನಲ್ಲಿ ಮಾತ್ರ ಅದು ಸಿಂಹದ ಹಾಗೆ ಕಾಣುತ್ತದೆ. ಈ ಜಗಳ ಗೈಡುಗಳಿಗೂ ಪ್ರವಾಸಿಗಳಿಗೂ ಬಿಟ್ಟದ್ದು. ನನಗೆ ರುಚಿಸುವುದು ಬೇರೆ ಸಂಗತಿ. ಈ ಕಥೆ ಮೊದಲು ಕಾಣಿಸುವುದು ವಿಷ್ಣುವರ್ಧನನ ಕಾಲದ 1117ರ ಬೇಲೂರು ಶಾಸನದಲ್ಲಿ. ಆಗಷ್ಟೇ ಅವನು ಚೋಳರನ್ನು ಸೋಲಿಸಿ ತಲಕಾಡುಗೊಂಡ ಎನಿಸಿಕೊಂಡಿದ್ದ. ಚೋಳರ ಲಾಂಛನ ಹುಲಿ. ಲಾಂಛನದಲ್ಲಿ ಸಾಯುತ್ತಿರುವುದು ಕಾಡಿನ ಹುಲಿಯಲ್ಲ, ತಂಜಾವೂರಿನದು ಎಂದು ಹೇಳುವ ಇತಿಹಾಸಕಾರರಿದ್ದಾರೆ. ಹಾಗಿದ್ದರೆ ನಮ್ಮ ಸೀಮೆಯ ಹಳೆಯ ರಾಜಕೀಯ ವ್ಯಂಗ್ಯಚಿತ್ರ ಇದೇ ಆಯಿತಲ್ಲ! ವೈರಿಯನ್ನು ಮೃಗ ಮಾಡು, ನಿನ್ನವನ ಕೈಗೆ ಕಠಾರಿ ಕೊಡು, ಜನ ಓಡಾಡುವ ಬಾಗಿಲಲ್ಲಿ ನಿಲ್ಲಿಸು. ಫ್ರೆಡ್ ರೋಸ್ ಕಾಗದದ ಮೇಲೆ ಮಾಡಿದ್ದನ್ನು ನಮ್ಮವರು ಏಳೂವರೆ ಶತಮಾನ ಮೊದಲೇ ಬಳಪದ ಕಲ್ಲಿನಲ್ಲಿ ಮಾಡಿದ್ದರು. 2023ರಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾವ ಪತ್ರಿಕೆಯ ಕಾರ್ಟೂನಿಗೆ ಆ ಯೋಗವಿದೆ?

ಆಕ್ಟೋಪಸ್ಸು ಬಾರದಿದ್ದರೂ ನಮ್ಮ ಪತ್ರಿಕೆಗಳಿಗೆ ಕೊರತೆಯೇನೂ ಆಗುತ್ತಿರಲಿಲ್ಲ. ಭೂಗಳ್ಳತನ, ಲಂಚ, ಮಾಫಿಯಾ, ಏನೇ ಇರಲಿ, ತಲೆಬರಹದಲ್ಲಿ ‘ಕಬಂಧಬಾಹು ಚಾಚಿದೆ’ ಎಂದೇ ಬರುತ್ತದೆ. ಇದು ನಮ್ಮ ಅರಣ್ಯಕಾಂಡದ ಸ್ವಂತ ಮಾಲು. ಕಬಂಧನಿಗೆ ತಲೆಯಿಲ್ಲ, ಇಂದ್ರನ ವಜ್ರಾಯುಧದ ಏಟಿಗೆ ಅದು ಮೈಯೊಳಗೆ ಇಳಿದುಹೋಯಿತು. ಬಾಯಿ ಇರುವುದು ಹೊಟ್ಟೆಯಲ್ಲಿ. ಕೈ ಎರಡೇ, ಆದರೆ ಯೋಜನದುದ್ದ. ಕೂತ ಕಡೆಯಿಂದ ಏಳದೆ, ಸಿಕ್ಕಿದ್ದನ್ನು ಬಾಚಿ ಹೊಟ್ಟೆಗೆ ಹಾಕಿಕೊಳ್ಳುವುದೊಂದೇ ಉದ್ಯೋಗ. ನಮ್ಮ ತಂದೆಯ ತೋಟದ ಪಹಣಿಯಲ್ಲಿ ಒಂದು ಅಕ್ಷರ ತಿದ್ದಿಸಲು ನಾನು ಒಂದು ಕಚೇರಿಗೆ ಹನ್ನೊಂದು ತಿಂಗಳು ಅಲೆದಿದ್ದೇನೆ. ಕೈಗಳು ಬೇಕಾದಷ್ಟಿದ್ದವು. ತಲೆ ಎಲ್ಲಿದೆ ಎಂದು ಕೇಳಿದರೆ ಮೀಟಿಂಗಿನಲ್ಲಿದೆ ಎನ್ನುತ್ತಿದ್ದರು. ಕಬಂಧನನ್ನು ಸೃಷ್ಟಿಸಿದ ಕವಿ ಇಂಥದೊಂದು ಕಚೇರಿ ಕಂಡಿರಲೇಬೇಕು.

ಆಕ್ಟೋಪಸ್ ಚಿತ್ರದ ಮೇಲೆ ನನ್ನ ಮುಖ್ಯ ತಕರಾರು ಕೈಗಳದ್ದಲ್ಲ, ತಲೆಯದ್ದು. ನಿನ್ನ ಬಾವಿ ಬತ್ತಿದ್ದಕ್ಕೂ, ಕೊಬ್ಬರಿ ಬೆಲೆ ಬಿದ್ದದ್ದಕ್ಕೂ, ಮಗನಿಗೆ ಕೆಲಸ ಸಿಗದ್ದಕ್ಕೂ ಒಂದೇ ತಲೆ ಕಾರಣ, ಇಗೋ ಅವನೇ, ಎಂದು ಅದು ಬೆರಳು ತೋರಿಸುತ್ತದೆ. ಕಂಪನಿಯ ಕಡೆ ತೋರಿಸಿದಾಗ ಚಪ್ಪಾಳೆ ತಟ್ಟುತ್ತೇವೆ. 1938ರ ಸುಮಾರಿಗೆ ಸೆಪ್ಲಾ ಎಂಬ ಅಂಕಿತದ ನಾಜಿ ಚಿತ್ರಕಾರ ಭೂಗೋಳದ ಮೇಲೆ ಕೂತ ಆಕ್ಟೋಪಸ್ ಬರೆದು ಅದರ ತಲೆಯ ಮೇಲೆ ಯಹೂದಿಗಳ ನಕ್ಷತ್ರ ಇಟ್ಟ. ಅದೇ ಕುಂಚ, ಅದೇ ಕೈಗಳು. ಒಂದು ಇಡೀ ಜನಾಂಗವನ್ನು ಕಡಲಪ್ರಾಣಿ ಮಾಡಿದ ಮೇಲೆ ಏನಾಯಿತೆಂದು ಲೋಕ ಕಂಡಿದೆ. ಅಲ್ಲಿಗೆ ನಗು ನಿಲ್ಲುತ್ತದೆ.

ನಿಜವಾದ ಪ್ರಾಣಿಯನ್ನು ಯಾರೂ ಕೇಳಿದಂತಿಲ್ಲ. ಮೂರು ಹೃದಯ, ನೀಲಿ ರಕ್ತ, ಬಿಲದಲ್ಲಿ ಅಡಗಿ ಕೂರುವ ನಾಚಿಕೆ; ಹೆಚ್ಚಿನವುಗಳ ಆಯಸ್ಸು ಒಂದೋ ಎರಡೋ ವರ್ಷ, ಅಂದರೆ ಒಂದು ಸರ್ಕಾರದ ಅವಧಿಗೂ ಸಾಲದು. ನರಕೋಶಗಳಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಇರುವುದು ಕೈಗಳಲ್ಲಿ, ಹಾಗಾಗಿ ಒಂದೊಂದು ಕೈಯೂ ತಕ್ಕಮಟ್ಟಿಗೆ ತಾನೇ ಯೋಚಿಸಿಕೊಳ್ಳುತ್ತದೆ. ಎಲ್ಲವನ್ನೂ ಆಡಿಸುವ ಒಂದೇ ತಲೆ ಆಕ್ಟೋಪಸ್ಸಿಗೇ ಇಲ್ಲ!

ರಾಕ್ಷಸರ ಹಂಗಿಲ್ಲದೆ ಚುಚ್ಚಿದವರೂ ನಮ್ಮಲ್ಲಿದ್ದಾರೆ. ಹಾಸ್ಯ ಸಾಹಿತಿ ರಾಶಿ 1942ರಲ್ಲಿ ಶುರುಮಾಡಿ 25 ವರ್ಷ ನಡೆಸಿದ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದ ಮೈಸೂರಿನ ಆರ್.ಕೆ. ಲಕ್ಷ್ಮಣ್ ಮುಂದೆ ಲೋಕಕ್ಕೆ ಕೊಟ್ಟ ಶ್ರೀಸಾಮಾನ್ಯನಿಗೆ ಎರಡೇ ಕೈ, ಚೌಕಳಿ ಕೋಟು, ಬಾಯಲ್ಲಿ ಮಾತಿಲ್ಲ. ಸುಮ್ಮನೆ ನಿಂತು ನೋಡುತ್ತಾನೆ, ಅಷ್ಟೆ. ಮಂತ್ರಿಗಳಿಗೆ ಅಷ್ಟೇ ಸಾಕಾಗಿತ್ತು.

ಕತ್ತಲಾದ ಮೇಲೆ ಮನೆಗೆ ಬಂದು ಜೇಬು ಖಾಲಿ ಮಾಡುವಾಗ ಮೊಮ್ಮಗಳು ಆ ಕಾಗದ ಎತ್ತಿಕೊಂಡಳು. “ಅಜ್ಜ, ತಲೆ ಎಲ್ಲಿ?” ಎಂದಳು. ಗೊತ್ತಿಲ್ಲ ಪುಟ್ಟಿ, ನೀನೇ ಬರಿ ಎಂದೆ. ಬೆಳಿಗ್ಗೆ ನೋಡಿದರೆ ಹರಿದ ಜಾಗಕ್ಕೆ ಬಿಳಿ ಹಾಳೆ ಅಂಟಿಸಿ ಗಣಪತಿಯ ತಲೆ ಬರೆದಿದ್ದಾಳೆ, ಕಿರೀಟ ಸಮೇತ. ‘ಮರಳು’ ಅಳಿಸಿ ಆ ಕೈಗೆ ಕಮಲ, ‘ಜಮೀನು’ ಅಳಿಸಿ ಪಾಶ, ‘ವರ್ಗಾವಣೆ’ಯ ಕೈಗೆ ಕಡುಬು. ‘ಟೆಂಡರ್’ ಹಿಡಿದ ಕೈ ಮಾತ್ರ ಹಾಗೇ ಇದೆ. ಕೇಳಿದರೆ, ರಬ್ಬರು ಸವೆದುಹೋಯಿತಂತೆ.