ರೇಟು ಮಾವ

ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆ ಯಾರ ಮನೆಯಲ್ಲೇ ಮದುವೆ ನಿಶ್ಚಯವಾಗಲಿ, ಮದುವಣಗಿತ್ತಿಗೆ ಸೀರೆ ಬರುವ ಮೊದಲೇ ಒಬ್ಬ ಮಾವ ಬಂದು ಜಗಲಿಯ ಮೇಲೆ ಕೂತಿರುತ್ತಾರೆ. ಸ್ವಂತ ಸೋದರಮಾವನೇ ಆಗಬೇಕೆಂದಿಲ್ಲ. ದೊಡ್ಡತ್ತೆಯ ತಂಗಿಯ ಗಂಡನಾದರೂ ಆದೀತು, ಅಪ್ಪನ ಜೊತೆ ಕೆಇಬಿಯಲ್ಲಿದ್ದು ರಿಟೈರ್ ಆದವರಾದರೂ ಆದೀತು. ಕಂಕುಳಲ್ಲಿ ಹಳೆಯ ಡೈರಿ, ಜೇಬಿನಲ್ಲಿ ಎರಡು ಪೆನ್ನು. "ಎಲ್ಲಾ ಬುಕ್ ಮಾಡ್ಬುಟ್ರಾ? ಎಷ್ಟಕ್ಕೆ?" ಎನ್ನುವುದು ಮೊದಲ ಮಾತು. ಎಷ್ಟು ಹೇಳಿದರೂ "ಅಯ್ಯೋ, ಟೋಪಿ ಹಾಕವ್ನೆ ಕಣಯ್ಯ" ಎನ್ನುವುದು ಎರಡನೆಯದು. ಇವರೇ ರೇಟು ಮಾವ.

ಎಲ್ಲದಕ್ಕೂ ಚೌಕಾಸಿ ಮಾಡುವ ಜಾತಿ ಇವರದಲ್ಲ. ಐನೋರ ಮುಂದೆ ತುಟಿ ಬಿಚ್ಚುವುದಿಲ್ಲ, ಲಗ್ನ ಕೆಟ್ಟೀತು. ಅಡುಗೆಯವರ ಹತ್ತಿರವೂ ಹೆಚ್ಚು ಎಳೆದಾಡುವುದಿಲ್ಲ. ಅವರು ಬಾಯಲ್ಲಿ "ಆಯ್ತು ಬುಡಿ" ಎಂದು ಸೇಡನ್ನು ಸಾರಿನಲ್ಲಿ ತೀರಿಸಿಕೊಳ್ಳುತ್ತಾರೆ. ಫೋಟೋದವನನ್ನು ಕೆಣಕಿದರೆ ಆಲ್ಬಮ್ಮಿನಲ್ಲಿ ತಾವು ಬರೀ ಮೊಣಕೈಯಾಗಿ ಉಳಿಯುವ ಭಯ. ಇನ್ನು ನಂಜನಗೂಡು ರಸಬಾಳೆಯೋ, ರೋಗ ಬಿದ್ದು ಬೆಳೆಯುವವರೇ ವಿರಳವಾದ ಮೇಲೆ ಸಿಕ್ಕಿದ್ದೇ ಪುಣ್ಯವೆಂದು ಕೇಳಿದಷ್ಟು ಎಣಿಸಿಕೊಡುತ್ತಾರೆ. ಹೀಗೆ ಅಲ್ಲಲ್ಲಿ ನುಂಗಿಕೊಂಡ ಚೌಕಾಸಿಯೆಲ್ಲ ಕೊನೆಗೆ ಒಟ್ಟಾಗಿ ಹೋಗಿ ಬೀಳುವುದು ಡಿಜೆ ಹುಡುಗನ ತಲೆಯ ಮೇಲೆ. ಹಾಡು ಎಲ್ಲರ ಫೋನಿನಲ್ಲೂ ಇದೆಯಲ್ಲ, ಅದಕ್ಕೆ ದುಡ್ಡು ಯಾಕೆ?

ಮೊನ್ನೆ ಅಂಥದ್ದೊಂದು ಮಾತುಕತೆಗೆ ನಾನೂ ಜೊತೆಗೆ ಹೋಗಿದ್ದೆ. ಡಿಜೆ ಹುಡುಗ ಗೋಡೌನಿನ ಮುಂದೆ ಟಾಟಾ ಏಸ್ ಒರೆಸುತ್ತಿದ್ದ. ಆರತಕ್ಷತೆಗೆ ಮೂವತ್ತು ಸಾವಿರ ಎಂದ. ಮಾವ ಗಾಬರಿಯಾಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಬೇಸ್ ಬಾಕ್ಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬೆರಳ ಗೆಣ್ಣಿನಿಂದ ಅದರ ಪಕ್ಕೆಗೆ ಕುಟ್ಟಿದರು. ಜಾಲರಿಯ ಸಂದಿನಲ್ಲಿ ಇಣುಕಿದರು. ಒಂದು ಮೂಲೆ ಹಿಡಿದು ಎತ್ತಲು ನೋಡಿ "ಅಬ್ಬಬ್ಬಾ" ಎಂದು ಬಿಟ್ಟರು. ಬನ್ನೂರು ಸಂತೆಯಲ್ಲಿ ಕುರಿಯ ಬೆನ್ನು ಅದುಮಿ ಮಾಂಸ ಎಷ್ಟು ಬೀಳುತ್ತದೆಂದು ಹೇಳುವ ಮನುಷ್ಯ. ಬೀಗರೂಟದ ಟಗರನ್ನು ನೋಡಿದ ಹಾಗೇ ಇದನ್ನೂ ನೋಡಿದರು.

"ಎಷ್ಟು ಕೆಜಿ ಇದ್ದದು?"

"ಎಂಬತ್ತರ ಮೇಲದೆ ಯಜಮಾನ್ರೆ."

"ಇಂಥವು ಎಷ್ಟು ತತ್ತೀಯ?"

"ನಾಕು ಬೇಸು, ನಾಕು ಟಾಪು."

"ಎರಡೆರಡು ಸಾಕು. ಎಡಗಡೆ ಒಂದೂ ಇಕ್ಕಬ್ಯಾಡ. ಅಲ್ಲಿ ಗಂಡಿನ ಕಡೆಯೋರು ಕೂರ್ತಾರೆ, ಅವ್ರು ದುಡ್ಡು ಕೊಡ್ತಾ ಇಲ್ಲ."

ಆಮೇಲೆ ಒಂದೊಂದೇ ಬಿಡಿಭಾಗ ಕಳಚತೊಡಗಿದರು. ಲೇಸರ್ ಲೈಟು ಬೇಡ, ದೊಡ್ಡಣ್ಣನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಹೊಗೆ ಬಿಡುವ ಮಿಷನ್ನಿಗೆ ಬೇರೆ ದುಡ್ಡೇಕೆ, ಅಡುಗೆಮನೆಯ ಬಾಗಿಲು ತೆಗೆದಿಟ್ಟರೆ ತಾನೇ ಬರುತ್ತದೆ. ಜನರೇಟರು ಛತ್ರದವರದ್ದೇ ಇದೆ. ಅದು ಕೆಟ್ಟು ನಿಂತಿರುವುದು ಬೇರೆ ವಿಷಯ. ಮೂರು ಜನ ಹುಡುಗರು ಯಾಕೆ ಬರುತ್ತಾರೆ, ಊಟಕ್ಕಾ?

ಮುಂದೆ ಬಂದದ್ದು ಕಾನೂನು. ರೇಟು ಮಾವ ಪೇಪರನ್ನು ಪೂರ್ತಿ ಓದುವವರು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು ಅವರಿಗೆ ಬಾಯಿಪಾಠ. ಆರತಕ್ಷತೆ ಏಳೂವರೆಗೆ. ಹೆಣ್ಣು ಸಿಂಗಾರವಾಗಿ ಹೊರಗೆ ಬರುವುದು ಎಂಟಕ್ಕೆ. ಮುಯ್ಯಿ ಕೊಟ್ಟು ಫೋಟೋಗೆ ನಿಲ್ಲುವವರ ಸಾಲು ಕರಗುವುದು ಒಂಬತ್ತೂವರೆಗೆ. ಕುಣಿಯಲು ಉಳಿಯುವುದು ಅರ್ಧ ಗಂಟೆ. ಡೈರಿಯಲ್ಲಿ ಭಾಗಾಕಾರ ಮಾಡಿ "ನಿಮಿಷಕ್ಕೆ ಸಾವಿರ ರೂಪಾಯಿ ಕಣೋ" ಎಂದು ಪುಟವನ್ನು ಹುಡುಗನ ಮೂಗಿನ ಹತ್ತಿರ ಹಿಡಿದರು.

ಅದೇ ಡೈರಿಯಿಂದ ಒಂದು ಪತ್ರಿಕಾ ತುಣುಕೂ ಹೊರಬಂತು. ಮದುವೆ ಮೆರವಣಿಗೆಯಲ್ಲಿ, ಮದುವೆಗೆ ಸಂಬಂಧಪಟ್ಟ ಸಮಾರಂಭಗಳಲ್ಲಿ ಹಾಡು ಹಾಕಿದರೆ ಯಾರಿಗೂ ರಾಯಲ್ಟಿ ಕಟ್ಟಬೇಕಿಲ್ಲ; 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಆ ವಿನಾಯಿತಿ ಇದೆ, 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಅದನ್ನೇ ಮತ್ತೆ ಹೇಳಿದೆ. "ಬಿಟ್ಟಿ ಹಾಡಿಗೆ ಮೂವತ್ತು ಸಾವಿರವಾ?"

"ಹಾಡಿಗೆ ಯಾರು ಕೇಳುದ್ರು ಯಜಮಾನ್ರೆ? ಹೊರಾದಕ್ಕೆ ಕೇಳ್ತಾ ಇವ್ನಿ" ಎಂದ ಹುಡುಗ.

ಮಾವ ಬಗ್ಗಲಿಲ್ಲ. ಊರಿನ ಮರ್ಯಾದೆಯನ್ನೇ ಎಳೆದು ತಂದರು. "ನಮ್ಮ ತಿರುಮಕೂಡಲಿನ ಪಿಟೀಲು ಚೌಡಯ್ಯನೋರು ನಿನ್ನ ಬೇಸು ಗೀಸು ಇಟ್ಕೊಂಡಿದ್ರಾ? ಬರೀ ಪಿಟೀಲಲ್ಲಿ ಪ್ರಪಂಚ ಗೆಲ್ಲಲಿಲ್ವಾ?" ನನಗೆ ಸುಮ್ಮನಿರಲಾಗಲಿಲ್ಲ. ಮೈಕು ಸರಿಯಾಗಿಲ್ಲದ ಆ ಕಾಲದಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲಿ ಎಂದೇ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಕಟ್ಟಿ ಏಳು ಮಾಡಿದ್ದು ಎಂದೆ. ಹುಡುಗ ತಕ್ಷಣ "ಅದೇ ಮತ್ತೆ, ಡಬಲ್ ಬೇಸು!" ಎಂದ. ಮಾವ ನನ್ನ ಕಡೆ ನೋಡಿದ ನೋಟದಲ್ಲಿ ಮದುವೆಯ ಎಲೆ ಅಡಿಕೆಯೂ ನನಗೆ ಸಿಗುವ ಹಾಗಿರಲಿಲ್ಲ.

ಸೋಲುವ ಸೂಚನೆ ಕಂಡಾಗ ರೇಟು ಮಾವಂದಿರೆಲ್ಲ ಆಡುವ ಕೊನೆಯ ಮಾತೊಂದಿದೆ. "ಇದೆಲ್ಲ ಯಾಕ್ರಯ್ಯ, ಸುತ್ತೂರು ಜಾತ್ರೇಲಿ ಸಾಮೂಹಿಕ ವಿವಾಹ ಮಾಡ್ತಾರೆ, ಕಾಸು ಖರ್ಚಿಲ್ಲ, ಅಲ್ಲೇ ಧಾರೆ ಎರೆದುಬುಡಣ." ಯಾರೂ ಉತ್ತರ ಕೊಡುವುದಿಲ್ಲ, ಅವರೂ ಕಾಯುವುದಿಲ್ಲ. ಅವರ ಮಗಳ ಮದುವೆ ನಡೆದದ್ದು ಮೈಸೂರಿನ ದೊಡ್ಡ ಕಲ್ಯಾಣ ಮಂಟಪದಲ್ಲಿ.

ಇನ್ನೊಂದು ರಾಗವೂ ಇದೆ: "ನಮ್ ಕಾಲದಲ್ಲಿ ವಾಲಗ ಇತ್ತು. ಅದು ಕಲೆ." ನಿಜ, ಕಲೆಯೇ. ಆದರೆ ಆ ವಾಲಗದವರಿಗೆ ಇವರು ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಒಂದು ತೆಂಗಿನಕಾಯಿ, ಒಂದು ಟವೆಲ್ಲು, "ಮುಂದಿನ ಮದುವೇಲಿ ನೋಡ್ಕಳಣ" ಎಂಬ ಭರವಸೆ. ವಾಲಗದವರ ಮಕ್ಕಳು ಡೋಲು ಬಿಟ್ಟು ಮಿಕ್ಸರ್ ಹಿಡಿದಿದ್ದರೆ ಅದರಲ್ಲಿ ಮಾವನ ಕೈವಾಡವೂ ಸ್ವಲ್ಪ ಇದೆ.

ಡಿಜೆಯವನು ಅಷ್ಟು ದುಡ್ಡಿಗೆ ಯೋಗ್ಯನೇ? ಸಂಗೀತಕ್ಕೆಂದು ಕೇಳಿದರೆ ನಾನೂ ಮಾವನ ಪಕ್ಷ. ಇಬ್ಬರು ಡಿಜೆಗಳ ಹಾಡಿಗೆ ವ್ಯತ್ಯಾಸ ಹೇಳಬಲ್ಲ ಕಿವಿ ನಮ್ಮ ಕಡೆ ಹುಟ್ಟಿಲ್ಲ, ಹುಟ್ಟಿದ್ದರೂ ಆ ಬಾಕ್ಸಿನ ಮುಂದೆ ಉಳಿಯುವುದಿಲ್ಲ. ಆದರೆ ಅವನು ಮಧ್ಯಾಹ್ನ ಮೂರಕ್ಕೇ ಬಂದು ಛತ್ರದ ಮಹಡಿ ಮೆಟ್ಟಿಲಲ್ಲಿ ಆ ಬಾಕ್ಸುಗಳನ್ನು ಹೊತ್ತುಕೊಂಡು ಹೋಗುವುದನ್ನು ನೋಡಿದ್ದೇನೆ. ಅಜ್ಜಿ ಮಾದಪ್ಪನ ಪದ ಹಾಕು ಎನ್ನುತ್ತಾಳೆ, ಹುಡುಗರು ಉತ್ತರ ಕರ್ನಾಟಕದ ಜಾನಪದ ರೀಮಿಕ್ಸೇ ಬೇಕೆನ್ನುತ್ತಾರೆ. ಒಬ್ಬ ನಟನ ಹಾಡು ಹಾಕಿದರೆ ಇನ್ನೊಬ್ಬ ನಟನ ಅಭಿಮಾನಿಗಳು ವೈರು ಕೀಳಲು ಬರುತ್ತಾರೆ. ಹಿರಿಯರು ಸೌಂಡು ಕಮ್ಮಿ ಮಾಡಲು ಒಬ್ಬನನ್ನು ಅಟ್ಟಿದರೆ, ಬಂದವನು "ಇನ್ನೊಸಿ ಏರ್ಸು ಗುರು" ಎಂದು ಅಲ್ಲೇ ಕುಣಿಯುತ್ತಾನೆ. ಹತ್ತು ಗಂಟೆ ಐದು ನಿಮಿಷಕ್ಕೆ ಪೊಲೀಸರು ಬಂದರೆ ಕೇಳುವುದು ಮದುಮಗಳ ಅಪ್ಪನನ್ನಲ್ಲ, ಮಿಕ್ಸರಿನ ಹಿಂದೆ ನಿಂತವನನ್ನು. ಊಟ ಕೊನೆಯ ಪಂಕ್ತಿಯಲ್ಲಿ. ಅಷ್ಟರಲ್ಲಿ ಹೋಳಿಗೆ ಮುಗಿದು ತಿಳಿಸಾರು ಮಾತ್ರ ಉಳಿದಿರುತ್ತದೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮುಹೂರ್ತವಿಲ್ಲ, ಬಾಕ್ಸಿನ ಸಾಲದ ಕಂತಿಗೆ ಮಾತ್ರ ಎಲ್ಲ ತಿಂಗಳೂ ಮುಹೂರ್ತವೇ. ಇಷ್ಟೆಲ್ಲದಕ್ಕೆ ನನ್ನ ಲೆಕ್ಕದಲ್ಲಿ ರೇಟು ಕಮ್ಮಿಯೇ.

ಆ ದಿನ ಮಾತು ಇಪ್ಪತ್ನಾಲ್ಕೂವರೆಗೆ ಇತ್ಯರ್ಥವಾಯಿತು. ಮಾವ ಡೈರಿಯಲ್ಲಿ "ಉಳಿತಾಯ 5500" ಎಂದು ಬರೆದು ಅಡಿಗೆರೆ ಎಳೆದರು. ಮನೆಗೆ ಹೋಗಿ ಅದನ್ನು ಓದಿಸಿ ಕಾಫಿ ಕುಡಿದರು.

ಮಾರನೆಯ ವಾರ ಹುಡುಗ ಒಬ್ಬನೇ ಸಿಕ್ಕಿದಾಗ ನಗುತ್ತಾ ಹೇಳಿದ: "ನಮ್ಮ ರೇಟು ಇಪ್ಪತ್ನಾಕೇ ಕನಣ್ಣ. ಮಿಕ್ಕಿದ್ದು ಮಾವನ್ ಖರ್ಚು." ಫೋನಿನಲ್ಲೇ ಗೊತ್ತಾಗುತ್ತದಂತೆ. "ಎಷ್ಟಾಯ್ತದೆ?" ಎಂದು ಕೇಳಿದರೆ ಮನೆಯವರು. "ಹೇಳಪ್ಪ ನಿನ್ ರೇಟಾ" ಎಂದರೆ ಹಿಂದೆ ಒಬ್ಬ ಮಾವ ನಿಂತಿದ್ದಾನೆ. ಆಗ ಆರು ಸಾವಿರ ಸೇರಿಸಿ ಹೇಳುವುದು, ಮಾವ ಅದನ್ನು ಕಷ್ಟಪಟ್ಟು ಕಳೆಯುವುದು. ಅವರಿಗೂ ಖುಷಿ, ನನಗೂ ನಷ್ಟವಿಲ್ಲ, ಈ ಸಲವಂತೂ ಐನೂರು ಲಾಭವೇ ಎಂದ.

"ಮಾವ ಇಲ್ಲದ ಮದುವೇನೇ ಸಿಗಲ್ವಾ?" ಎಂದೆ.

ಹುಡುಗನ ನಗು ನಿಂತಿತು. ಹೋದ ವರ್ಷ ನರಸೀಪುರದ ಕಡೆಯಿಂದ ಒಬ್ಬ ಬಂದಿದ್ದನಂತೆ, ಮದುಮಗಳ ಅಣ್ಣ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಮೂವತ್ತು ಎಂದದ್ದಕ್ಕೆ "ಓಕೆ" ಎಂದನಂತೆ. ಬಾಕ್ಸು ಮುಟ್ಟಲಿಲ್ಲ, ಲೈಟು ಬೇಡ ಎನ್ನಲಿಲ್ಲ, ಹುಡುಗರ ಊಟದ ಮಾತೂ ಎತ್ತಲಿಲ್ಲ.

"ನಂಗೆ ಎದೆ ಧಸಕ್ಕಂತು ಕನಣ್ಣ. ಕೊಡೋ ಮನ್ಸಿರೋನು ಯಾರಾದ್ರೂ ಚೌಕಾಸಿ ಮಾಡ್ದೆ ಇರ್ತಾನಾ? ಪೂರ್ತಿ ದುಡ್ಡು ಮುಂಚೆನೇ ಇಸ್ಕೊಂಡೆ."