ಶನಿವಾರದ ದಳವಾಯಿ

ಗುರುವಾರ ಸಂಜೆ, ಆಫೀಸಿನ ಕೊನೆಯ ಕಾಲ್ ಮುಗಿಯುವ ಹೊತ್ತಿಗೆ, ವೈಟ್‌ಫೀಲ್ಡಿನ ಯಾವುದೋ ಹದಿನಾಲ್ಕನೇ ಮಹಡಿಯಿಂದ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿಗೆ ಒಂದು ಪೋಲ್ ಬಂದು ಬೀಳುತ್ತದೆ: ಸಾವನದುರ್ಗವೋ, ಹುತ್ರಿದುರ್ಗವೋ, ಮಾಕಳಿದುರ್ಗವೋ? ಮೂರಕ್ಕೂ ಓಟು ಒತ್ತುವವರು ಒಂದಷ್ಟು ಮಂದಿ ಇರುತ್ತಾರೆ. ಹಾಗೆ ಒತ್ತಿದವರು ಯಾವುದಕ್ಕೂ ಬರುವುದಿಲ್ಲ ಎಂಬುದು ಪೋಲ್ ಹಾಕಿದಾತನಿಗೆ ಗೊತ್ತು. ಆದರೂ ಹಾಕುತ್ತಾನೆ. ಅವನಿಗೆ ಪ್ರಜಾಪ್ರಭುತ್ವದಲ್ಲಿ ನಂಬಿಕೆಯಿದೆ. ಹುತ್ರಿದುರ್ಗಕ್ಕೇ ಹೋಗುವುದೆಂದು ಬುಧವಾರವೇ ತೀರ್ಮಾನ ಮಾಡಿ ಟೆಂಪೋ ಟ್ರಾವೆಲರ್‌ಗೆ ಅಡ್ವಾನ್ಸ್ ಕೊಟ್ಟಿರುತ್ತಾನೆ ಎಂಬುದು ಬೇರೆ ಮಾತು.

ಈತನನ್ನು ದಳವಾಯಿ ಎಂದು ಕರೆಯೋಣ. ವಯಸ್ಸು ನಲವತ್ತರ ಆಸುಪಾಸು, ವಾರದ ದಿನಗಳಲ್ಲಿ ಡೆಲಿವರಿ ಮ್ಯಾನೇಜರ್. ಒಂದು ಸಲ ಹೆಲ್ತ್ ಚೆಕಪ್ಪಿನ ರಿಪೋರ್ಟಿನಲ್ಲಿ ಕೊಲೆಸ್ಟರಾಲಿನ ಮುಂದೆ ಕೆಂಪು ಅಕ್ಷರ ಕಾಣಿಸಿತು. ಡಾಕ್ಟರು "ಸ್ವಲ್ಪ ನಡೀರಿ" ಅಂದರು. ಅಪಾರ್ಟ್‌ಮೆಂಟಿನ ಸುತ್ತ ನಾಲ್ಕು ಸುತ್ತು ಹಾಕಿದ್ದರೆ ಡಾಕ್ಟರಿಗೂ ಸಮಾಧಾನ, ಮೊಣಕಾಲಿಗೂ ಸಮಾಧಾನ. ಆದರೆ ದಳವಾಯಿ ಒಬ್ಬನೇ ನಡೆಯಬಲ್ಲವನಲ್ಲ. ಹಿಂದೆ ಹತ್ತು ಜನ ಬರುತ್ತಿದ್ದರೆ ಮಾತ್ರ ಅವನ ಕಾಲಿಗೆ ಚಲನೆ ಬರುತ್ತದೆ. ಸೀದಾ ಡೆಕಥ್ಲಾನಿಗೆ ಹೋದ. ಅಲ್ಲಿಂದ ಹೊರಬರುವಾಗ ಬೆನ್ನಿಗೆ ಚೀಲ, ಕೈಗೆ ಮಡಿಸುವ ಕೋಲು, ತಲೆಗೆ ಕಿವಿ ಮುಚ್ಚುವ ಟೋಪಿ, ಕುತ್ತಿಗೆಗೆ ಸೀಟಿ.

ಬೆಂಗಳೂರಿನ ಸುತ್ತ ಇಷ್ಟೊಂದು ಪಾಳುಕೋಟೆಗಳಿರುವುದು ಅವನ ಪುಣ್ಯ. ನಂದಿದುರ್ಗ, ಸಾವನದುರ್ಗ, ಮಾಕಳಿದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಭೈರವದುರ್ಗ, ಕಬ್ಬಾಳದುರ್ಗ, ದೇವರಾಯನದುರ್ಗ, ಚನ್ನರಾಯನದುರ್ಗ: ಒಂಬತ್ತು ದುರ್ಗಗಳ ಲೆಕ್ಕ ಒಪ್ಪಿಸುವುದು ವಾಡಿಕೆ. ಬಯಲಿನ ನಡುವೆ ಬೋಳು ಕಗ್ಗಲ್ಲು ನೆಟ್ಟಗೆ ಎದ್ದು ನಿಂತರೆ ಕೋಟೆ ಕಟ್ಟುವವನಿಗೆ ಮುಕ್ಕಾಲು ಗೋಡೆ ಪುಕ್ಕಟೆಯಾಗಿ ಸಿಕ್ಕಂತೆ. ಉಳಿದ ಕಾಲು ಭಾಗವನ್ನು ಕೆಂಪೇಗೌಡನ ವಂಶದವರೋ ಮೈಸೂರಿನ ಒಡೆಯರೋ ಹೈದರ್, ಟಿಪ್ಪುವೋ ಕಟ್ಟಿ ಮುಗಿಸಿದರು. ಬುಡದಲ್ಲಿ ಕುರುಚಲು ಕಾಡು, ಮಗ್ಗುಲಲ್ಲಿ ಒಂದು ಕೆರೆಯೋ ಜಲಾಶಯವೋ, ನೆತ್ತಿಯಲ್ಲಿ ಒಂದು ಗುಡಿ. ಅರ್ಧ ದಿನದ ನಡಿಗೆಗೆ ಇದಕ್ಕಿಂತ ಇನ್ನೇನು ಬೇಕು?

ಎಕ್ಸೆಲ್ ಶೀಟ್ ಬೇಕು. ದಳವಾಯಿಯ ಶೀಟಿನಲ್ಲಿ ದೂರ, ಹೊರಡುವ ಹೊತ್ತು, ಇಡ್ಲಿ ಸಿಗುವ ಜಾಗ, ಶೌಚಾಲಯ ಎಂಬ ಕಾಲಮ್ಮುಗಳಿವೆ. ಕೊನೆಯ ಕಾಲಮ್ಮು 'ಮಟ್ಟ'. ಅದರ ಕೆಳಗೆ ಮೇಲಿನಿಂದ ಕೊನೆವರೆಗೆ ಒಂದೇ ಮಾತು: ಸುಲಭ. ಸುಲ್ತಾನ್‌ಪೇಟೆಯ ಕಡೆಯಿಂದ ನಂದಿ ಹತ್ತುವ 1,175 ಮೆಟ್ಟಿಲೂ ಸುಲಭ. ಮೆಟ್ಟಿಲೇ ಇಲ್ಲದೆ, ಬಂಡೆಗೆ ಬಳಿದ ಬಾಣದ ಗುರುತು ನೋಡಿಕೊಂಡು ತೆವಳಬೇಕಾದ ಸಾವನದುರ್ಗವೂ ಸುಲಭ. ಕಠಿಣ ಎಂದು ಬರೆದರೆ ಜನ ಬರುವುದಿಲ್ಲ, ಜನ ಬರದಿದ್ದರೆ ಟ್ರಾವೆಲರ್ ಬಾಡಿಗೆ ತಲೆಗೆ ಜಾಸ್ತಿಯಾಗುತ್ತದೆ.

ಅನುಮತಿಯ ವಿಷಯದಲ್ಲಿ ಅವನನ್ನು ಮೀರಿಸುವವರಿಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿ, ಆ ವಿಡಿಯೊ ಎಲ್ಲರ ಫೋನಿಗೂ ಬಂದು, ಅರಣ್ಯ ಇಲಾಖೆ ಚಾರಣಗಳಿಗೆ ಕಡಿವಾಣ ಹಾಕಿತು. ಅದೇ ವರ್ಷ ಚಾರಣದ ಅನುಮತಿ ಕಾದಿರಿಸಲು 'ಅರಣ್ಯ ವಿಹಾರ' ಎಂಬ ಜಾಲತಾಣ ಬಂತು. ದಳವಾಯಿಯದು ತತ್ಕಾಲ್ ಟಿಕೆಟ್ಟಿನಲ್ಲಿ ಪಳಗಿದ ಕೈ. ಎರಡು ಲ್ಯಾಪ್‌ಟಾಪ್, ಮೂರು ಬ್ರೌಸರ್, ಹೆಂಡತಿಯ ಫೋನಿಗೆ ಓಟಿಪಿ. ಚೀಟಿ ಕೈಗೆ ಬಂದ ಮೇಲೆ ಅದನ್ನು ಗುಂಪಿಗೆ ಹಾಕಿ, ಕೆಳಗೆ ಹೆಬ್ಬೆರಳುಗಳು ಬೀಳುವುದನ್ನು ನೋಡುತ್ತ ಕೂರುವ ಆ ಹತ್ತು ನಿಮಿಷವೇ ಅವನ ನಿಜವಾದ ಶಿಖರ ಎಂದರೆ ತಪ್ಪಾಗಲಾರದು.

ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಗೇಟಿನ ಬಳಿ ದಂಡು ಸೇರುತ್ತದೆ. ಐದೂವರೆ ಎಂದಿದ್ದರೂ ನಡೆಯುತ್ತಿತ್ತು, ಹೊರಡುವುದು ಹೇಗಿದ್ದರೂ ಐದೂವರೆಗೇ. ವೈಟ್‌ಫೀಲ್ಡ್ ಊರಿನ ಪೂರ್ವದ ತುದಿ. ಸಾವನದುರ್ಗ, ಹುತ್ರಿದುರ್ಗಗಳು ಪಶ್ಚಿಮದಲ್ಲಿ, ಮಾಗಡಿಯ ಕಡೆ. ಎರಡು ಗಂಟೆ ನಡೆಯಲು ಅದರ ಎರಡರಷ್ಟು ಹೊತ್ತು ಕೂರಬೇಕು. ಮಾಕಳಿದುರ್ಗಕ್ಕಾದರೆ ಬೆಟ್ಟದ ಬುಡದಲ್ಲೇ ರೈಲ್ವೆ ಸ್ಟೇಷನ್ನಿದೆ, ದೊಡ್ಡಬಳ್ಳಾಪುರದ ದಾರಿಯ ರೈಲು ಹತ್ತಿದರೆ ಆಯಿತು. ದಳವಾಯಿ ರೈಲಿನ ತಂಟೆಗೆ ಹೋಗುವುದಿಲ್ಲ. ರೈಲಿಗೆ ಅದರದೇ ಗಾರ್ಡು, ಅದರದೇ ಸೀಟಿ.

ಮನೆಯ ಹತ್ತಿರ ನಡೆಯಲು ಜಾಗವೇ ಇಲ್ಲವೇ ಎಂದು ಕೇಳಿದರೆ ನಗುತ್ತಾನೆ. ಅವನ ಫ್ಲ್ಯಾಟಿನ ಬಾಲ್ಕನಿ ವರ್ತೂರು ಕೆರೆಯ ಕಡೆಗಿದೆ. ಬ್ರೋಷರಿನಲ್ಲಿ ಅದನ್ನು 'ಲೇಕ್ ವ್ಯೂ' ಎಂದು ನಮೂದಿಸಿ ಅದಕ್ಕೆ ಬೇರೆಯೇ ಹಣ ಪಡೆದಿದ್ದರು. ನೊರೆ ಉಕ್ಕಿ ರಸ್ತೆಗೆ ಹಾರಿ ಬರುತ್ತಿದ್ದ ವರ್ಷಗಳಲ್ಲಿ ಹಾಕಿದ ಕಿಟಕಿಯ ಬಾಗಿಲನ್ನು ಇನ್ನೂ ತೆಗೆದಿಲ್ಲ. ಮೇಲಿನ ಬೆಳ್ಳಂದೂರು ಕೆರೆಗಂತೂ 2018ರ ಜನವರಿಯಲ್ಲಿ ಬೆಂಕಿಯೇ ಬಿದ್ದು ಸೈನಿಕರು ಬಂದು ಆರಿಸಿದರು. ಕೆರೆಯ ಬೆಂಕಿ ಆರಿಸಲು ನೀರು ಹೊತ್ತು ತಂದ ಊರು ಲೋಕದಲ್ಲಿ ಇನ್ನೆಷ್ಟಿವೆಯೋ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ಜನ ಹಟ ಹಿಡಿದು ಬದುಕಿಸಿಕೊಂಡಿದ್ದಾರೆ, ಸುತ್ತ ಚೆಂದದ ಕಾಲುದಾರಿ ಇದೆ, ಹಕ್ಕಿಗಳೂ ಇವೆ. ಆದರೆ ಅಲ್ಲಿ ಕೋಟೆಯಿಲ್ಲ. ಮುಖ್ಯವಾಗಿ, ಎಲ್ಲರಿಗೂ ದಾರಿ ಗೊತ್ತು. ದಾರಿ ಗೊತ್ತಿರುವವರಿಗೆ ದಳವಾಯಿ ಯಾಕೆ?

ಈ ತಳಿ ವೈಟ್‌ಫೀಲ್ಡಿಗೆ ಮಾತ್ರ ಸೀಮಿತವಲ್ಲ. ಎಲೆಕ್ಟ್ರಾನಿಕ್ ಸಿಟಿಯ ದಳವಾಯಿಗೆ ಆನೇಕಲ್ಲಿನ ಮುತ್ಯಾಲಮಡುವು ಹತ್ತಿರ, ಬನ್ನೇರುಘಟ್ಟದ ಕಾಡು ಇನ್ನೂ ಹತ್ತಿರ. ಎಷ್ಟು ಹತ್ತಿರವೆಂದರೆ 2024ರ ಸೆಪ್ಟೆಂಬರಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಟೋಲ್ ಬಳಿಯೇ ಚಿರತೆಯೊಂದು ಫಾಸ್ಟ್ಯಾಗ್ ಇಲ್ಲದೆ ದಾಟಿಹೋಗಿದ್ದು ಸಿಸಿಟಿವಿಯಲ್ಲಿ ದಾಖಲಾಯಿತು. ಆ ವಾರ ಆತ ಕಾಡಿನ ನಡಿಗೆಯನ್ನು ರದ್ದು ಮಾಡಿ, ಎಲ್ಲರೂ ಮನೆಯಿಂದಲೇ ಕೆಲಸ ಮಾಡಿರೆಂದು ಸೂಚಿಸಿದ.

ಪೀಣ್ಯದ ದಳವಾಯಿ ಮಾತ್ರ ಬೇರೆ ಜಾಯಮಾನದವನು. ಮಷಿನ್ ಶಾಪಿನ ಸೂಪರ್‌ವೈಸರ್. ತುಮಕೂರು ರಸ್ತೆ ಬಾಗಿಲಲ್ಲೇ ಇರುವುದರಿಂದ ಶಿವಗಂಗೆ, ದೇವರಾಯನದುರ್ಗ ಅವನಿಗೆ ಹಿತ್ತಲಿದ್ದಂತೆ. ಪೋಲ್ ಇಲ್ಲ, ಶೀಟ್ ಇಲ್ಲ. ಶನಿವಾರದ ನೈಟ್ ಶಿಫ್ಟ್ ಮುಗಿಸಿ, ಟೀ ಕುಡಿಯುತ್ತ, "ಏನ್ರಪ್ಪಾ, ಬೆಟ್ಟಕ್ಕೆ ಹೋಗಿ ಬರಾಣ್ವಾ?" ಅನ್ನುತ್ತಾನೆ. ಮೂರು ಬೈಕು, ಆರು ಜನ. ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿ. ಕಾಲಲ್ಲಿ ಕಾರ್ಖಾನೆ ಕೊಟ್ಟ ಸೇಫ್ಟಿ ಶೂ, ಮುಂದೆ ಉಕ್ಕಿನ ಟೊಪ್ಪಿ. ವೈಟ್‌ಫೀಲ್ಡಿನವನು ಎಂಟು ಸಾವಿರ ಕೊಟ್ಟು ಕೊಂಡ ಬೂಟಿಗಿಂತ ಗಟ್ಟಿ. ಅದನ್ನೂ ಬುಡದಲ್ಲಿ ಬಿಚ್ಚಿಟ್ಟು ಬರಿಗಾಲಲ್ಲಿ ಹತ್ತುತ್ತಾನೆ, ದೇವರ ಬೆಟ್ಟವಲ್ಲವೇ. ಗಂಗಾಧರೇಶ್ವರನಿಗೆ ತುಪ್ಪ ಸವರಿಸಿ ಅದು ಬೆಣ್ಣೆಯಾಗುವುದನ್ನು ನೋಡಿ, ಒಳಕಲ್ಲು ತೀರ್ಥದಲ್ಲಿ ಕೈಯಿಳಿಸಿ, ನೀರು ಸಿಕ್ಕರೆ ಪುಣ್ಯವಂತ, ಸಿಗದಿದ್ದರೆ ಪಕ್ಕದವನ ಗೇಲಿ. ಹೊಯ್ಸಳರ ರಾಣಿ ಶಾಂತಲೆ ಧುಮುಕಿದಳೆಂದು ಹೇಳುವ ತುದಿಯಲ್ಲಿ ನಿಂತು ಒಂದು ಫೋಟೊ. ಮಧ್ಯಾಹ್ನದ ಊಟಕ್ಕೆ ಮನೆ. ಅವನನ್ನು ಗೇಲಿ ಮಾಡಲು ಹೆಚ್ಚೇನೂ ಸಿಗುವುದಿಲ್ಲವಾದ್ದರಿಂದ ವೈಟ್‌ಫೀಲ್ಡಿಗೇ ಮರಳುವುದು ಲೇಸು.

ದಳವಾಯಿಯ ಇತಿಹಾಸ ಪಾಠ ಟ್ರಾವೆಲರ್ ನೈಸ್ ರಸ್ತೆ ಹಿಡಿದ ಕೂಡಲೇ ಶುರು. ಹಿಂದಿನ ರಾತ್ರಿ ಓದಿಕೊಂಡಿರುತ್ತಾನೆ. 1791ರ ಡಿಸೆಂಬರಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಬಿದಿರು ಮೆಳೆ ಕಡಿದು ದಾರಿ ಮಾಡಿ, ಫಿರಂಗಿ ಎಳೆದು ತಂದು, ಗೋಡೆ ಒಡೆದು, 21ನೇ ತಾರೀಕು ಸಾವನದುರ್ಗವನ್ನು ಹಿಡಿಯಿತು. ಕೆಲವೇ ದಿನಗಳಲ್ಲಿ ಹುತ್ರಿದುರ್ಗವೂ ಹೋಯಿತು. ಇಷ್ಟು ಸರಿ. ಹತ್ತು ವರ್ಷದ ಹಿಂದೆ, 1781ರಲ್ಲಿ, ಇದೇ ಕಾರ್ನ್‌ವಾಲಿಸನ ಸೈನ್ಯ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿತ್ತು, ಅದೂ ಸರಿ. ಯಾರ್ಕ್‌ಟೌನ್ ಇರುವುದು ವರ್ಜೀನಿಯಾದಲ್ಲಿ, ದಳವಾಯಿಯ ಕ್ಲೈಂಟ್ ಇರುವುದೂ ವರ್ಜೀನಿಯಾದಲ್ಲಿ. ಸೋಮವಾರದ ಕಾಲಿನ ಮೊದಲ ಐದು ನಿಮಿಷದ ಹರಟೆಗೆ ಸರಕು ಸಿಕ್ಕಿತೆಂಬ ಸಂತೋಷ ಅವನ ಮುಖದಲ್ಲಿ ಕಾಣುತ್ತದೆ. ಕಾರ್ನ್‌ವಾಲಿಸ್ ಸೋತದ್ದು ಅಲ್ಲಿ, ಗೆದ್ದದ್ದು ಇಲ್ಲಿ. ಪ್ರಾಜೆಕ್ಟು ಹೋಗಿ ಬಂದದ್ದೂ ಅದೇ ದಾರಿಯಲ್ಲಿ ಎಂದು ಹಿಂದಿನ ಸೀಟಿನ ಟೆಸ್ಟಿಂಗ್ ಹುಡುಗ ಗೊಣಗುತ್ತಾನೆ. ಕಾರ್ನ್‌ವಾಲಿಸನಿಗಾದರೂ ದಾರಿಯಲ್ಲಿ ಬಿದಿರು ಮಾತ್ರ ಅಡ್ಡ ಬಂದಿತ್ತು, ವರ್ತೂರು ಕೋಡಿಯ ಸಿಗ್ನಲ್ ಬಂದಿರಲಿಲ್ಲ.

ಬೆಟ್ಟ ಹತ್ತುವಾಗ ದಳವಾಯಿ ಮುಂದೆ ಇರುವುದಿಲ್ಲ. ಕಟ್ಟಕಡೆಗೆ ಬರುತ್ತಾನೆ. ಹಿಂದುಳಿದವರನ್ನು ನೋಡಿಕೊಳ್ಳಬೇಕಲ್ಲ ಎಂಬುದು ಅಧಿಕೃತ ಕಾರಣ. ಏದುಸಿರು ಯಾರಿಗೂ ಕೇಳಿಸಬಾರದೆಂಬುದು ಇನ್ನೊಂದು. ಎಲ್ಲರಿಗಿಂತ ಮುಂದೆ ಇರುವವರು ಮೈಸೂರಿನಿಂದ ವಾರದ ಮಟ್ಟಿಗೆ ಬಂದಿರುವ ಅವನ ಮಾವನವರು. ಪಂಚೆ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ, ಚಾಮುಂಡಿ ಬೆಟ್ಟದ ಅಭ್ಯಾಸದ ಮೇಲೆ ಏರುತ್ತಿದ್ದಾರೆ. ನಡುವೆ ಬಂಡೆಯ ಸಂದಿನ ಪೊದೆಯಲ್ಲಿ ಹಳದಿ ಕೊರಳಿನ ಪಿಕಳಾರ ಕೂತಿರುತ್ತದೆ. ದಕ್ಷಿಣ ಭಾರತದ ಇಂಥ ಬಂಡೆಗುಡ್ಡಗಳನ್ನು ಬಿಟ್ಟರೆ ಬೇರೆಲ್ಲೂ ಸಿಗದ ಹಕ್ಕಿ. ದೂರದೂರಿನ ಪಕ್ಷಿವೀಕ್ಷಕರು ಇದನ್ನು ನೋಡಲೆಂದೇ ನಂದಿಗೂ ಸಾವನದುರ್ಗಕ್ಕೂ ಬರುತ್ತಾರೆ. ದಳವಾಯಿ ಎಲ್ಲರಿಗೂ ನಿಲ್ಲಲು ಸೂಚಿಸಿ ಸೀಟಿ ಊದುತ್ತಾನೆ. ಹಕ್ಕಿ ಇದ್ದ ಪೊದೆಯನ್ನು ಎಲ್ಲರೂ ನೋಡುತ್ತಾರೆ.

ಆ ಸೀಟಿಯನ್ನು ಪೂರ್ತಿ ಹಳಿಯುವ ಹಾಗೂ ಇಲ್ಲ. ಸಾವನದುರ್ಗ ಇಳಿದು ಅರ್ಕಾವತಿಯ ಮಂಚನಬೆಲೆ ಜಲಾಶಯದ ಕಡೆ ಹೋದಾಗ ನೀರು ಕಂಡ ಹುಡುಗರು ಅಂಗಿ ಬಿಚ್ಚತೊಡಗುತ್ತಾರೆ. ಈಜು ನಿಷೇಧದ ಬೋರ್ಡಿನ ಪಕ್ಕದಲ್ಲೇ ಬಿಚ್ಚುತ್ತಾರೆ. ಅಲ್ಲಿ ಮುಳುಗಿ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಅಲ್ಲಿ ದಳವಾಯಿ ಊದುವ ಸೀಟಿಗೆ ಆಕ್ಷೇಪವಿಲ್ಲ. ಇಳಿಯುವಾಗ ಪರರು ಎಸೆದ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿಗಳನ್ನು ಬಾಗಿ ಬಾಗಿ ಹೆಕ್ಕಿ ಚೀಲಕ್ಕೆ ತುಂಬುವವನೂ ಅವನೇ. ಅದರದೂ ಫೋಟೊ ತೆಗೆಸುತ್ತಾನೆ ನಿಜ. ಆದರೆ ಫೋಟೊ ತೆಗೆದ ಮೇಲೂ ಚೀಲ ಹೊತ್ತುಕೊಂಡೇ ಇಳಿಯುತ್ತಾನೆ.

ಹುತ್ರಿದುರ್ಗ ಕುಣಿಗಲ್ ತಾಲ್ಲೂಕಿಗೆ ಸೇರಿದ್ದು. ಬುಡದಲ್ಲಿ ಸಂತೇಪೇಟೆ ಎಂಬ ಹಳ್ಳಿ, ಒಂದರ ಮೇಲೊಂದರಂತೆ ಕೋಟೆಯ ಸುತ್ತುಗಳು, ಮೇಲೆ ಶಂಕರೇಶ್ವರನ ಗುಡಿ. ಒಂದು ಹೆಬ್ಬಾಗಿಲಿನ ನೆರಳಲ್ಲಿ ದಂಡು ಚಕ್ಕುಲಿ, ಪುಳಿಯೋಗರೆ ಬಿಚ್ಚಿಕೊಂಡು ಕೂತಿತ್ತು. ದಳವಾಯಿ ಫೋನನ್ನು ಆಕಾಶಕ್ಕೆ ಹಿಡಿದು ಜಿಪಿಎಸ್ ಹುಡುಕುತ್ತ, ಇನ್ನೊಂದು ಕೈಯ ಕೋಲಿನಿಂದ ಗೋಡೆಯ ಅಂಚನ್ನು ತೋರಿಸುತ್ತ, ಏನೋ ಅಳತೆ ಹೇಳುತ್ತಿದ್ದ. ಆಡು ಮೇಯಿಸುತ್ತಿದ್ದ ಅಜ್ಜನೊಬ್ಬ ಅಷ್ಟು ದೂರದಲ್ಲಿ ನಿಂತು ಟೋಪಿ, ಕೋಲು, ಫೋನು, ಕುತ್ತಿಗೆಯ ಸೀಟಿ ಎಲ್ಲವನ್ನೂ ನಿಧಾನಕ್ಕೆ ನೋಡಿದ. ಹತ್ತಿರ ಬಂದು ಟವೆಲ್ಲು ಹೆಗಲಿನಿಂದಿಳಿಸಿ ಕೇಳಿದ: "ಸ್ವಾಮಿ, ಸರ್ವೆಯೋರಾ?"

ದಳವಾಯಿ ಅಲ್ಲ ಎಂದ. ಅಜ್ಜ ನಂಬಲಿಲ್ಲ. ಸರ್ವೆಯವರು ತಾವು ಸರ್ವೆಯವರೆಂದು ಒಪ್ಪಿಕೊಂಡದ್ದನ್ನು ಆತ ಈವರೆಗೆ ಕಂಡಿರಲಿಲ್ಲವೇನೋ. ಅಣ್ಣತಮ್ಮಂದಿರು ಮೂವರಿಗೂ ಒಂದೇ ಪಹಣಿ, ಪೋಡಿಗೆ ಅರ್ಜಿ ಹಾಕಿ ಎಷ್ಟೋ ಕಾಲವಾಯಿತು, ಅಳೆಯುವವರು ಬರುತ್ತಲೇ ಇಲ್ಲ, ಬಂದದ್ದಾಯ್ತಲ್ಲ, ಹಾಗೇ ಒಂದು ಚೈನು ಹಿಡಿದು ಹೋಗಿ ಎಂದು ಬೇಡಿಕೊಂಡ. ಆಡುಗಳು ಪುಳಿಯೋಗರೆಯ ಕಡೆ ಬಂದವು. ಇಡೀ ದಂಡು ದಳವಾಯಿಯ ಮುಖ ನೋಡಿತು. ಎದುರಿಗೆ ನಿಂತು ಸಮಸ್ಯೆ ಹೇಳುವವರಿಗೆ ಆಗುವುದಿಲ್ಲ ಎನ್ನುವುದು ಡೆಲಿವರಿ ಮ್ಯಾನೇಜರನ ರಕ್ತದಲ್ಲೇ ಇಲ್ಲ. ಡೈರಿ ತೆಗೆದು ಸರ್ವೆ ನಂಬರು ಬರೆದುಕೊಂಡ. "ಫಾಲೋಅಪ್ ಮಾಡ್ತೀನಿ ಅಜ್ಜ" ಅಂದ. ಅಜ್ಜ ಮಾತು ಅರ್ಥವಾಗದಿದ್ದರೂ ಬರೆದದ್ದನ್ನು ಕಂಡು ಸಮಾಧಾನಗೊಂಡು, ಎಲ್ಲರಿಗೂ ಬಂಡೆಯ ಹಿಂದಿನ ಸಲೀಸು ದಾರಿ ತೋರಿಸಿ ಹೋದ. ಎಕ್ಸೆಲ್ ಶೀಟಿನಲ್ಲಿ ಇಲ್ಲದ ಆ ದಾರಿ ನಿಜಕ್ಕೂ ಸುಲಭವಾಗಿತ್ತು.

ಸೋಮವಾರ ಗುಂಪಿಗೆ ಪ್ರವಾಸದ ವರದಿ ಬಂತು. ಟ್ರಾವೆಲರ್ ಬಾಡಿಗೆ ತಲೆಗಿಷ್ಟು, ಯುಪಿಐ ಮಾಡುವುದು. ಮಜ್ಜಿಗೆ ಕುಡಿಯದವರು ತಮ್ಮ ಪಾಲನ್ನು ಕಳೆದುಕೊಳ್ಳುವುದು. ಬಾಕಿ ಕೆಲಸ ಒಂದು: ಸಂತೇಪೇಟೆ ಅಜ್ಜನ ಪೋಡಿ. ಜವಾಬ್ದಾರಿ ಯಾರದೆಂಬ ಕಡೆ ಖಾಲಿ ಬಿಟ್ಟಿತ್ತು. ಎರಡು ದಿನ ಯಾರೂ ಮಾತಾಡಲಿಲ್ಲ, ಹೆಬ್ಬೆರಳುಗಳು ಮಾತ್ರ ಬಿದ್ದವು. ಕೊನೆಗೆ ಮಾವನವರೇ, ಅವರು ರೆವಿನ್ಯೂ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿದವರು, ಇದು ತಾಲ್ಲೂಕು ಕಚೇರಿಗೆ ಖುದ್ದಾಗಿ ಹೋಗದೆ ಆಗುವ ಕೆಲಸವಲ್ಲ, ಒಂದು ಸಲಕ್ಕೆ ಆಗುವುದೂ ಅಲ್ಲ ಎಂದು ಅಳಿಯನ ಫೋನಿನಿಂದಲೇ ಬರೆದರು. ಗುರುವಾರ ಸಂಜೆ ಹೊಸ ಪೋಲ್ ಬಿತ್ತು. ಶುಕ್ರವಾರ ರಜೆ ಹಾಕಿ ತಾಲ್ಲೂಕು ಕಚೇರಿಗೆ ಬರುವವರು ಯಾರು? ಕೆಳಗೆ ಎಂದಿನಂತೆ ದೂರ, ಹೊತ್ತು, ಇಡ್ಲಿ ಸಿಗುವ ಜಾಗ. ಮಟ್ಟ ಎಂಬಲ್ಲಿ ಮೊದಲ ಬಾರಿಗೆ ಬೇರೆ ಮಾತು ಕಾಣಿಸಿತು: ಬಲು ಕಠಿಣ, ಅನುಭವಿಗಳಿಗೆ ಮಾತ್ರ.